ಇಪ್ಪತ್ತಾರು ತಿರುವು, ಒಂದು ಬುತ್ತಿ

ಯುರೋಪಿನಲ್ಲಿ ನಲವತ್ತೈದು ದಾಟಿದ ಕನ್ನಡದ ಗಂಡಸರಿಗೆ ಎರಡೇ ದಾರಿ: ಕನ್ನಡ ಸಂಘದ ಅಧ್ಯಕ್ಷರಾಗುವುದು, ಇಲ್ಲವೇ ರೋಡ್ ಬೈಕ್ ಕೊಳ್ಳುವುದು. ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಮನೆಯವರು ಎರಡನೆಯದನ್ನು ಹಿಡಿದರು; ಅದಕ್ಕೆ ಚುನಾವಣೆ ಇಲ್ಲ. ಬೈಕ್ ಬಂದ ಮೇಲೆ ಬೆಟ್ಟ ಬೇಕಲ್ಲ? ಈಸ್ಟರ್ ರಜೆಗೆ ಸ್ಪೇನಿನ ಮಯೋರ್ಕಾ ದ್ವೀಪ ಎಂದು ಘೋಷಣೆಯಾಯಿತು. ವೃತ್ತಿಪರ ತಂಡಗಳೇ ಅಭ್ಯಾಸಕ್ಕೆ ಬರುವ ಜಾಗವಂತೆ. ಮೈಸೂರಿನಿಂದ ಬಂದಿದ್ದ ಅತ್ತೆ, ಮಾವ ಸೇರಿ ನಾವು ಐದು ಜನ. ತುಳಿಯುವವರು ಒಬ್ಬರು.

ದ್ವೀಪದ ವಾಯವ್ಯ ಅಂಚಿಗೆ ತ್ರಮುಂತಾನಾ ಬೆಟ್ಟಸಾಲು. ಅಲ್ಲಿ ಸಾ ಕಲೋಬ್ರಾ ಎಂಬ ಊರಿಗೆ ಸುಮಾರು 9.5 ಕಿ.ಮೀ. ರಸ್ತೆ, ಇಪ್ಪತ್ತಾರು ಹೇರ್‌ಪಿನ್ ತಿರುವು, ಸರಾಸರಿ ಶೇ. 7 ಏರು. ರಸ್ತೆ ಸಮುದ್ರದಲ್ಲಿ ಮುಗಿಯುತ್ತದೆ. ಇಳಿದವರು ಅದೇ ದಾರಿಯಲ್ಲಿ ಹತ್ತಿ ಬರಬೇಕು.

"ಮತ್ತೆ ಹತ್ತೋದೇ ಆದ್ರೆ ಇಳಿಯೋದ್ಯಾಕೋ?" ಎಂದರು ಅತ್ತೆ. ಇದಕ್ಕೆ ಸೈಕಲ್ ಲೋಕದಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ.

ಮಾವ ರಸ್ತೆ ಇಲಾಖೆಯ ನಿವೃತ್ತ ಎಂಜಿನಿಯರ್. ಮಗನ ಲ್ಯಾಪ್‌ಟಾಪ್ ಎಳೆದುಕೊಂಡು ನಕ್ಷೆ ನೋಡಿದರು. 1932ರಲ್ಲಿ ಅಂತೋನಿಯೋ ಪರಿಯೆತ್ತಿ ಎಂಬ ಎಂಜಿನಿಯರ್ ಮಾಡಿಸಿದ ರಸ್ತೆ. ಒಂದು ಕಡೆ ಅದು ಸುತ್ತು ಹಾಕಿ ತನ್ನ ಅಡಿಯಲ್ಲೇ ನುಸುಳುತ್ತದೆ. ಟೈ ಕಟ್ಟಿಕೊಳ್ಳುವಾಗ ಅವನಿಗೆ ಆ ಉಪಾಯ ಹೊಳೆಯಿತೆಂದು ಕಥೆ. "ನಮ್ಮ ಇಲಾಖೇಲಿ ಯಾರೂ ಟೈ ಕಟ್ತಿರಲಿಲ್ಲ," ಎಂದು ಮಾವ ನಿಟ್ಟುಸಿರು ಬಿಟ್ಟರು. ಆಮೇಲೆ ಲೆಕ್ಕ ಹಾಕಿ, "ಏರು ಸುಮಾರು 670 ಮೀಟರ್ ಕಣೋ. ಚಾಮುಂಡಿ ಬೆಟ್ಟ ಎರಡು ಸಲ. ಒಂದು ಸಲಕ್ಕೇ ನೀನು ನಂದಿ ಹತ್ರ ಕೂತ್ಕೋತಿದ್ದೆ," ಎಂದರು.

ಮಗ ಮಾತಾಡಲಿಲ್ಲ. ಹಿಂದಿನ ಗೇರಿನ ಕ್ಯಾಸೆಟ್ ಬಿಚ್ಚಿ ಊಟದ ಮೇಜಿನ ಮೇಲೆ ಪೇಪರು ಹಾಸಿ ಹರಡಿದರು. ಅತಿದೊಡ್ಡ ಚಕ್ರಕ್ಕೆ 28 ಹಲ್ಲು ಸಾಲದು, 34 ಇದ್ದರೆ ಮಂಡಿ ಉಳಿಯುತ್ತದೆ ಎಂಬುದು ವಾದ. ಹೊಳೆಯುವ ಹೊಸ ಕ್ಯಾಸೆಟ್ಟನ್ನು ಅತ್ತೆ ಎತ್ತಿ, ಹಲ್ಲಿನ ಮೇಲೆ ಬೆರಳಾಡಿಸಿ, "ಕಾಯಿ ತುರಿಯೋಕೆ ಚೆನ್ನಾಗಿದೆ, ಹಿಡಿ ಎಲ್ಲಿ?" ಎಂದರು.

ಮುಂದಿನ ಪ್ರಶ್ನೆ ಊಟದ್ದು. ಮಯೋರ್ಕಾದ ಹೆಸರಾಂತ ತಿಂಡಿ ಎನ್ಸಾಯ್ಮಾದಾ: ಸುರುಳಿ ಸುತ್ತಿ, ಮೇಲೆ ಸಕ್ಕರೆಪುಡಿ ಉದುರಿಸಿದ್ದು. ಚಿತ್ರ ನೋಡಿ ಅತ್ತೆಯ ಮುಖ ಅರಳಿತು. ಅದಕ್ಕೆ ಹಾಕುವುದು ಹಂದಿ ಕೊಬ್ಬು ಎಂದು ನಮ್ಮ ಮಗಳು ಓದಿ ಹೇಳಿದ್ದೇ ತಡ, ಅಡುಗೆಮನೆಯಲ್ಲಿ ಅವಲಕ್ಕಿ ಡಬ್ಬ ಸದ್ದು ಮಾಡಿತು. ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ ಬ್ರೆಡ್ಡು ಅಲ್ಲಿ ಎಲ್ಲೆಲ್ಲೂ ಸಿಗುತ್ತದೆ ಎಂದೆ. "ಐದು ದಿನ ಬ್ರೆಡ್ಡೇ?" ಎಂಬಲ್ಲಿಗೆ ಚರ್ಚೆ ಮುಗಿಯಿತು.

ನಮ್ಮವರು ಅರವತ್ತು ಗ್ರಾಂ ಉಳಿಸಲು ಬಾಟಲಿ ಇಡುವ ಸ್ಟ್ಯಾಂಡನ್ನು ಕಾರ್ಬನ್ನಿನದು ತರಿಸಿದ್ದರು. ಬೈಕನ್ನು ವಿಮಾನದ ಪೆಟ್ಟಿಗೆಗೆ ತುಂಬಿದಾಗ ಸಂದಿಗಳಲ್ಲಿ ಏನಾದರೂ ಮೆತ್ತಗಿನದು ತುರುಕಬೇಕೆಂದರು. ಅತ್ತೆ ತುರುಕಿದರು: ಎರಡು ಕಿಲೋ ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು. ಪೆಟ್ಟಿಗೆ ಅಲುಗಲಿಲ್ಲ.

ಉಳಿದ ನಾಲ್ವರೇನು ಮಾಡುವುದು? ಪೋರ್ಟ್ ದೆ ಸೋಯೆರ್‌ನಿಂದ ಸಾ ಕಲೋಬ್ರಾಕ್ಕೆ ದೋಣಿ ಇದೆ ಎಂದು ಮಾವ ಹುಡುಕಿದರು. ಮಗ ರಸ್ತೆಯಲ್ಲಿ ಇಳಿಯುವುದು, ನಾವು ಮೊಸರನ್ನದೊಂದಿಗೆ ದಡದಲ್ಲಿ ಕಾಯುವುದು. ಊಟವಾದ ಮೇಲೆ ಅವರು ಬೆಟ್ಟ ಹತ್ತುವುದು, ನಾವು ದೋಣಿ ಹತ್ತುವುದು. "ಅವನಿಗೂ ಒಂದು ಟಿಕೆಟ್ ತೊಗೊಂಡಿರಿ," ಎಂದರು ಅತ್ತೆ, ಮೆಲ್ಲಗೆ.

ನೀವೂ ಹೋಗುವುದಾದರೆ ನನ್ನದೆರಡು ಮಾತು. ತುಳಿಯುವವರು ಬೆಳಿಗ್ಗೆ ಬೇಗ ಹೊರಡಿ, ಹೊತ್ತೇರಿದರೆ ಪ್ರವಾಸಿ ಬಸ್ಸುಗಳು ತಿರುವುಗಳನ್ನೆಲ್ಲ ಆಕ್ರಮಿಸುತ್ತವೆ. ಬುತ್ತಿಯಲ್ಲಿ ಒಂದು ಪಾಲು ಸೈಕಲ್ಲಿನವರ ಜೇಬಿಗೂ ಹಾಕಿ ಕಳಿಸಿ. ಸಮುದ್ರ ಕೆರಳಿದ ದಿನ ದೋಣಿ ಬಿಡುವುದಿಲ್ಲ.