ಒಂದಂಗುಲದ ದಂಡಿಗೆ ಪರವಾನಗಿ

ಮಿನಿಯೇಚರ್ ವಾರ್‌ಗೇಮ್ ಎಂದರೆ ಒಂದಂಗುಲಕ್ಕಿಂತ ತುಸು ಎತ್ತರದ ಪ್ಲಾಸ್ಟಿಕ್ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಟೇಪಿನಿಂದ ದೂರ ಅಳೆದು, ದಾಳ ಉರುಳಿಸಿ ಮಾಡುವ ಯುದ್ಧ. ಇದರ ಪಂದ್ಯಾವಳಿಗಳಲ್ಲಿ ಎರಡು ಬಗೆ. ಶುಲ್ಕ ಕಟ್ಟಿದವರೆಲ್ಲ ಆಡಬಹುದಾದದ್ದು ಒಂದು, ಕರೆಸಿಕೊಂಡವರಷ್ಟೇ ಹೋಗಬಹುದಾದದ್ದು ಇನ್ನೊಂದು. ಈ ಎರಡನೆಯದಕ್ಕೆ ಕರೆಸಿಕೊಳ್ಳುವುದು ಹೇಗೆ ಎಂಬುದೇ ಒಂದು ಶಾಸ್ತ್ರವಾಗಿ ಬೆಳೆದುಬಿಟ್ಟಿದೆ. ಕೊಡಗಿನಲ್ಲಿ ಕುಳಿತು ನೋಡುವವರಿಗೆ ಆ ಶಾಸ್ತ್ರ ಕೊಂಚ ವಿಚಿತ್ರವಾಗಿ ಕಂಡರೆ ತಪ್ಪಿಲ್ಲ. ಇಲ್ಲಿ ನಿಜವಾದ ಕೋವಿಗೇ ಲೈಸೆನ್ಸು ಬೇಡ.

1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಪ್ರಕಟಣೆಯಿಂದ ಶುರುವಾದ ಈ ವಿನಾಯಿತಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇಂದಿನವರೆಗೆ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ವಿನಾಯಿತಿ ಪತ್ರ ಒಂದಿದ್ದರೆ ಸಾಕು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಈ ಸೀಮೆಯಲ್ಲಿ ಆಟಿಕೆ ಸಿಪಾಯಿಯನ್ನು ಕಣಕ್ಕಿಳಿಸಲು ಅರ್ಹತಾ ಸುತ್ತು ಗೆಲ್ಲಬೇಕು ಎಂದರೆ ಹಿರಿಯರು ನಂಬುವುದು ಕಷ್ಟ.

ಕೊಡಗಿಗೆ ಅರ್ಹತೆಯೆಂಬುದು ಹೊಸದೇನಲ್ಲ. ಹಿಂದೆ ‘ನರಿ ಮಂಗಲ’ ಎಂಬ ಮರ್ಯಾದೆಯಿತ್ತು; ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ. ಹುಲಿ ಹೊಡೆದವನನ್ನು ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯ ಜೊತೆಗೆ ಚಪ್ಪರದಲ್ಲಿ ಕೂರಿಸಿ, ಬಂದವರು ಅಕ್ಕಿ ಹಾಕಿ ಹರಸುತ್ತಿದ್ದರು. ಅದಕ್ಕೆ ಬೇಕಾದ ಅರ್ಹತೆ ಒಂದು ಹುಲಿ. ಅಂಕಪಟ್ಟಿ, ಟೈಬ್ರೇಕರ್, ಮೇಲ್ಮನವಿ ಯಾವುದೂ ಇರಲಿಲ್ಲ. ಹುಲಿಯೂ ದೂರು ಕೊಡುವ ಸ್ಥಿತಿಯಲ್ಲಿರುತ್ತಿರಲಿಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಇನ್ನು ಕೌಟುಂಬಿಕ ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರುಮಾಡಿದ ಈ ಪಂದ್ಯಾವಳಿಯಲ್ಲಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದವು, ಮರುವರ್ಷ ಮಡಿಕೇರಿಯಲ್ಲಿ 396. ಇಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರೇ ಆಹ್ವಾನ ಪತ್ರಿಕೆ. ಅರ್ಹತಾ ಸುತ್ತನ್ನು ಆಟಗಾರ ಹುಟ್ಟುವ ಮೊದಲೇ ಅವನ ತಾತ ಮುತ್ತಾತಂದಿರು ಗೆದ್ದಿರುತ್ತಾರೆ. ಅಜ್ಜ, ಸೊಸೆ, ಶಾಲೆಗೆ ಹೋಗುವ ಹುಡುಗಿ ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ಓಡುವುದನ್ನು ಯಾವ ವಾರ್‌ಗೇಮಿನ ನಿಯಮಪುಸ್ತಕವೂ ಊಹಿಸಿರಲಾರದು.

ಮೇಜಿನ ಯುದ್ಧದ ವಂಶಾವಳಿ ಹೇಳುವವರು ಆನೆ, ಕುದುರೆ, ರಥ, ಕಾಲಾಳುಗಳ ನಮ್ಮ ಚತುರಂಗದಿಂದಲೇ ಶುರುಮಾಡುತ್ತಾರೆ. ಆಮೇಲೆ 1824ರಲ್ಲಿ ಪ್ರಷ್ಯದ ಲೆಫ್ಟಿನೆಂಟ್ ರೈಸ್‌ವಿಟ್ಸ್ ನಕ್ಷೆಯ ಮೇಲೆ ಆಡುವ ಯುದ್ಧದಾಟವೊಂದನ್ನು ಸಿದ್ಧಪಡಿಸಿದ; ಅಲ್ಲಿನ ಸೈನ್ಯ ಅದನ್ನು ಅಧಿಕಾರಿಗಳ ತರಬೇತಿಗೇ ತೆಗೆದುಕೊಂಡಿತು. 1913ರಲ್ಲಿ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಬರೆದ. ಅವನ ಆಟದಲ್ಲಿ ದಾಳದ ಹಂಗಿಲ್ಲ. ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಗುರಿಯಿಟ್ಟು ಹೊಡೆಯಬೇಕು, ಬಿದ್ದ ಸೈನಿಕ ಸತ್ತ. ಆಯುಧಪೂಜೆಯ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಮುಡಿಸಿ, ಊಟ ಮುಗಿಸಿ, ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಜನಕ್ಕೆ ವೆಲ್ಸ್ ತಕ್ಷಣ ಅರ್ಥವಾಗುತ್ತಾನೆ. ಇಂದಿನ ದಾಳದವರು ಅಷ್ಟು ಬೇಗ ಅರ್ಥವಾಗುವುದಿಲ್ಲ. ಕಿರಿದಾಗಿಸುವ ಚಟವೂ ಇಲ್ಲಿಯದಲ್ಲ: ಮಡಿಕೇರಿ ಕೋಟೆಯ ಗಾರೆಯ ಜೋಡಿ ಆನೆಗಳು ನಿಜದ ಆನೆಯಷ್ಟೇ ದೊಡ್ಡವು.

ಈಗ ಹೆಚ್ಚು ಜನ ಆಡುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಂಪನಿಯ ‘ವಾರ್‌ಹ್ಯಾಮರ್’. ಅದು ಹುಟ್ಟಿದ್ದು 1983ರಲ್ಲಿ. ದೂರದ ಭವಿಷ್ಯದಲ್ಲಿ ನಡೆಯುವ ‘ವಾರ್‌ಹ್ಯಾಮರ್ 40,000’ 1987ರಲ್ಲಿ. ಅರ್ಹತೆಯ ಮೊದಲ ಮೆಟ್ಟಿಲು ಪಡೆ ಕಟ್ಟುವುದು. ಪ್ರತಿ ತುಕಡಿಗೂ ಇಷ್ಟು ಅಂಕ ಎಂಬ ಬೆಲೆಯಿರುತ್ತದೆ. ಒಟ್ಟು 2,000 ಅಂಕ ಮೀರದಂತೆ ಪಟ್ಟಿ ಬರೆದು ಪಂದ್ಯಕ್ಕೆ ಮೊದಲೇ ಒಪ್ಪಿಸಬೇಕು. ಪಟ್ಟಿಯಲ್ಲಿ ಈಟಿ ಎಂದಿದ್ದರೆ ಸೈನಿಕನ ಕೈಯಲ್ಲೂ ಈಟಿಯೇ ಇರಬೇಕೆಂದು ಎದುರಾಳಿ ಬಗ್ಗಿ ನೋಡುತ್ತಾನೆ. ಬೆಲೆಯೂ ಸ್ಥಿರವಲ್ಲ. ವರ್ಷದಲ್ಲಿ ಕೆಲವು ಸಲ ಕಂಪನಿ ಅದನ್ನು ತಿದ್ದುತ್ತದೆ, ಆಗ ಆರು ತಿಂಗಳು ಕೂತು ಕಟ್ಟಿದ ಪಡೆ ರಾತ್ರೋರಾತ್ರಿ 2,000 ದಾಟಿಬಿಡುತ್ತದೆ. ಕಾಫಿ ಕೊಯ್ದು, ಒಣಗಿಸಿ, ಮೂಟೆ ಕಟ್ಟಿಟ್ಟ ಮೇಲೆ ಬೆಲೆ ಕುಸಿಯುವುದನ್ನು ಕಂಡ ಬೆಳೆಗಾರರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಬಣ್ಣ. ಒಂದು ಪಂದ್ಯದ 100 ಅಂಕಗಳಲ್ಲಿ 10 ಅಂಕ ಪಡೆಗೆ ಸರಿಯಾಗಿ ಬಣ್ಣ ಬಳಿದಿದ್ದಕ್ಕೇ ಮೀಸಲು. ಯುದ್ಧಶಾಸ್ತ್ರ ಬರೆದ ಯಾರಿಗೂ ಈ ವಿಚಾರ ಹೊಳೆದಿರಲಿಲ್ಲ. ಕೌಟಿಲ್ಯನೂ ಸೈನ್ಯದ ಬಲ ಲೆಕ್ಕ ಹಾಕುವಾಗ ಸಿಪಾಯಿಯ ಬೂಟಿನ ಅಂಚಿನ ಗೆರೆ ನೇರವಾಗಿದೆಯೇ ಎಂದು ಕೇಳಿದವನಲ್ಲ. ಅಯ್ಯಪ್ಪನ ದೇವಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳು ಮಳೆಗೆ ನೆನೆದು ಪಾಚಿ ಹಿಡಿದು ನಿಂತಿರುತ್ತವೆ. ಅವುಗಳಿಗೆ ಬಣ್ಣ ಸಾಲದೆಂದು ಬೇಟೆಯ ದೇವರು ಅಂಕ ಕಳೆದದ್ದಿಲ್ಲ.

ಬಣ್ಣ ಬಳಿಯುವ ಕೆಲಸಕ್ಕೆ ಕೊಡಗಿನ ಹವೆ ಅನುಕೂಲವಲ್ಲ. ಮೊದಲ ಕೋಟು ಸ್ಪ್ರೇ ಪ್ರೈಮರ್. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಸೈನಿಕನ ಮೈಮೇಲೆ ನಯವಾಗಿ ಕೂರದೆ ರವೆಯ ಹಾಗೆ ತರಿತರಿಯಾಗುತ್ತದೆ. ಮುಖ ಮೂಗು ಒಂದೂ ತಿಳಿಯುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿಯನ್ನು ಮುಟ್ಟದಿರುವುದೇ ಜಾಣತನ. ಕಕ್ಕಡ ಮಾಸದ ಮಳೆಯಲ್ಲಿ ಬಟ್ಟೆ ಒಣಗುವುದೇ ಒಲೆಯ ಶಾಖದಲ್ಲಿ. ಅದೇ ಉಪಾಯವನ್ನು ಪ್ಲಾಸ್ಟಿಕ್ ದಂಡಿಗೆ ಮಾಡಿದರೆ ಈಟಿಗಳೆಲ್ಲ ಶರಣಾಗತಿಯ ಭಂಗಿಯಲ್ಲಿ ಬಾಗುತ್ತವೆ. ಸೈನಿಕನ ಕಾಲಡಿಯ ಬಿಲ್ಲೆಯ ಮೇಲೆ ನೆಲದ ಹೋಲಿಕೆ ಬರಬೇಕೆಂಬ ನಿಯಮವೂ ಇದೆ. ಅದಕ್ಕೆ ಅಂಗಡಿಯಲ್ಲಿ ದುಬಾರಿ ಪೇಸ್ಟು ಸಿಗುತ್ತದೆ. ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಕಾಫಿ ಗಸಿಯನ್ನು ಒಣಗಿಸಿ ಅಂಟಿಸಿದರೂ ಕಪ್ಪುಮಣ್ಣಿನ ನೆಲ ಸೊಗಸಾಗಿ ಬರುತ್ತದೆ; ಜಗತ್ತಿನ ಅನೇಕ ಹವ್ಯಾಸಿಗಳು ಮಾಡುವುದೂ ಅದನ್ನೇ. ಈ ಒಂದು ಸಾಮಗ್ರಿಗೆ ಮಾತ್ರ ಕೊಡಗಿನ ಆಟಗಾರ ಯಾರನ್ನೂ ಬೇಡಬೇಕಿಲ್ಲ. ಸರಿಯಾಗಿ ಒಣಗಿಸದಿದ್ದರೆ ವಾರದೊಳಗೆ ಯುದ್ಧಭೂಮಿಯಲ್ಲಿ ಬೂಷ್ಟು ಬೆಳೆಯುತ್ತದೆ, ಅಷ್ಟೆ.

ಮೂರನೆಯದು ಸುತ್ತುಗಳು. ಸಾಮಾನ್ಯವಾಗಿ ಎರಡು ದಿನ, ಐದು ಆಟ, ಒಂದೊಂದೂ ಸುಮಾರು ಮೂರು ಗಂಟೆ. ಚೆಸ್ಸಿನಲ್ಲಿರುವ ಸ್ವಿಸ್ ಪದ್ಧತಿಯೇ ಇಲ್ಲಿಯೂ: ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ಹೀಗಾಗಿ ಸೋತವನನ್ನು ಯಾರೂ ಮನೆಗೆ ಕಳಿಸುವುದಿಲ್ಲ. ಉಳಿದ ಸುತ್ತುಗಳಲ್ಲಿ ತನ್ನಂಥವರನ್ನೇ ಎದುರಿಸುತ್ತಾ ಸಂಜೆಯವರೆಗೆ ಕೂರಬೇಕು. ದಾಳ ಗುಡ್ಡಕ್ಕೆ ಒರಗಿ ಓರೆಯಾಗಿ ನಿಂತರೆ ಮತ್ತೆ ಉರುಳಿಸಬೇಕೋ ಬೇಡವೋ ಎಂಬಲ್ಲಿಂದ ತಕರಾರು ಹುಟ್ಟುತ್ತದೆ. ಕಾಲಂಗುಲದ ವ್ಯತ್ಯಾಸಕ್ಕೆ ತೀರ್ಪುಗಾರ ಟೇಪು ಹಿಡಿದು ಬರುತ್ತಾನೆ. ಮಡಿಕೇರಿಯಲ್ಲೇ ಹುಟ್ಟಿದ ಜನರಲ್ ತಿಮ್ಮಯ್ಯನವರು 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಯ ಹನ್ನೊಂದು ಸಾವಿರ ಅಡಿ ಎತ್ತರಕ್ಕೆ ಟ್ಯಾಂಕ್ ಹತ್ತಿಸಿ ಎದುರಾಳಿಗಳನ್ನು ಕಂಗೆಡಿಸಿದರು. ಮೇಜಿನ ಮೇಲೆ ಅವರು ಅದನ್ನೇ ಮಾಡಿದ್ದರೆ ಎದುರು ಕುಳಿತವನು ಕೈಯೆತ್ತಿ ತೀರ್ಪುಗಾರನನ್ನು ಕರೆದು, ಅಷ್ಟು ಕಡಿದಾದ ಜಾಗಕ್ಕೆ ವಾಹನ ಏರುವುದಕ್ಕೆ ಯಾವ ಪುಟದಲ್ಲಿ ಅನುಮತಿಯಿದೆ ಎಂದು ಕೇಳುತ್ತಿದ್ದ.

ಇಷ್ಟನ್ನೂ ದಾಟಿ ಗೆದ್ದವರಿಗೆ ಸಿಗುವುದು ‘ಗೋಲ್ಡನ್ ಟಿಕೆಟ್’. 2023ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಶುರುವಾದ ವಾರ್‌ಹ್ಯಾಮರ್ ವಿಶ್ವ ಚಾಂಪಿಯನ್‌ಶಿಪ್‌ಗೆ ಒಳಬಿಡುವುದು ಅದನ್ನು ಹಿಡಿದವರನ್ನೇ. ಬೇರೆ ಬೇರೆ ದೇಶಗಳ ಅರ್ಹತಾ ಪಂದ್ಯಾವಳಿಗಳಲ್ಲಿ ಅದನ್ನು ಗೆಲ್ಲಬೇಕು. ರೈಲು ಹಳಿಯೇ ಇಲ್ಲದ ಕೊಡಗಿನಿಂದ ಹೊರಟವನಿಗೆ ಎದುರಾಳಿಗಳು ಸಿಗುವ ಬೆಂಗಳೂರೇ ಸುಮಾರು 250 ಕಿಲೋಮೀಟರ್ ದೂರ, ಅದೂ ಘಾಟಿಯ ತಿರುವುಗಳಲ್ಲಿ ಡಬ್ಬಿಯೊಳಗಿನ ದಂಡು ಮುರಿಯದಂತೆ ತೊಡೆಯ ಮೇಲಿಟ್ಟುಕೊಂಡು. ಟಿಕೆಟ್ ಎಂಬ ಹೆಸರಿದ್ದರೂ ಅದನ್ನು ತೋರಿಸಿ ವಿಮಾನ ಹತ್ತುವಂತಿಲ್ಲ. ವೀಸಾ ಸಂದರ್ಶನದಲ್ಲಿ ಪ್ರಯಾಣದ ಉದ್ದೇಶ ಕೇಳಿದಾಗ ‘ಯುದ್ಧ’ ಎಂದು ಮಾತ್ರ ಹೇಳಬಾರದು.

ಸಾಗಾಟದ ವಿಷಯ ಕೊನೆಯದು. ಸೈನಿಕರ ಬಿಲ್ಲೆಯಡಿ ಪುಟ್ಟ ಅಯಸ್ಕಾಂತ ಅಂಟಿಸಿ, ಕಬ್ಬಿಣದ ತಗಡು ಹಾಸಿದ ಪೆಟ್ಟಿಗೆಯಲ್ಲಿ ನಿಲ್ಲಿಸಿದರೆ ಅವು ಅಲುಗಾಡುವುದಿಲ್ಲ. ಪೆಟ್ಟಿಗೆಯನ್ನು ಕೈಯಲ್ಲೇ ಒಯ್ಯುವುದು ಕ್ಷೇಮ. ಸೊಂಟದ ಪಟ್ಟಿಗೆ ಸಿಕ್ಕಿಸುವ ಪೀಚೆಕತ್ತಿಯನ್ನು ಕೈಚೀಲದಲ್ಲಿ ಯಾವ ವಿಮಾನ ನಿಲ್ದಾಣವೂ ಬಿಡುವುದಿಲ್ಲ. ಪ್ಲಾಸ್ಟಿಕ್ ಸಿಪಾಯಿಯ ಕತ್ತಿಗೆ ಆಕ್ಷೇಪವಿಲ್ಲ, ಎಕ್ಸ್‌ರೇ ಯಂತ್ರದ ಮುಂದೆ ಕುಳಿತವರು ಒಂದು ಸಲ ಪೆಟ್ಟಿಗೆ ತೆರೆಸಿ ನಗುವುದನ್ನು ಬಿಟ್ಟರೆ. ಬಣ್ಣದ ಸ್ಪ್ರೇ ಡಬ್ಬಿಯೂ ಬೆಂಕಿ ಹತ್ತುವ ಅಂಟೂ ವಿಮಾನಕ್ಕೆ ಸಲ್ಲವು. ಆದ್ದರಿಂದ ದಾರಿಯಲ್ಲಿ ಕೈಕಾಲು ಮುರಿದುಕೊಂಡ ಸೈನಿಕರ ಚಿಕಿತ್ಸೆಗೆ ಅಟ್ಲಾಂಟಾದಲ್ಲಿ ಇಳಿದ ಮೇಲೆ ಹೊಸ ಅಂಟು ಕೊಳ್ಳಬೇಕು. ಅದಕ್ಕೆ ಅರ್ಹತೆ ಬೇಕಿಲ್ಲ, ಡಾಲರ್ ಬೇಕು.