ರಾಯರ ಕಾಲದ ದುರ್ಬೀನು

ಹೊಸಪೇಟೆ ಕಡೆ ಹಿತ್ತಾಳೆ ಸಾಮಾನಿಗೆ ಎರಡೇ ವಯಸ್ಸು. ಮನೆಯವರಿಗೆ ‘ಅಜ್ಜನ ಕಾಲದ್ದು’, ಹಂಪಿಗೆ ಬಂದ ಪ್ರವಾಸಿಗೆ ‘ರಾಯರ ಕಾಲದ್ದು’. ನಮ್ಮ ಗುಜರಿ ಅಂಗಡಿಯ ಗೆಳೆಯನಂತೂ ಹಳೇ ಥಿಯೋಡೊಲೈಟ್ (ಸರ್ವೆಯವರು ಕೋನ ಅಳೆಯುವ ದುರ್ಬೀನು) ಒಂದನ್ನು ಮುಂದಿಟ್ಟುಕೊಂಡು, “ಕೃಷ್ಣದೇವರಾಯರು ಕಾಲುವೆ ಅಳೆಸಿದ್ದು ಇದರಲ್ಲೇ ನೋಡ್ರಿ ಸಾರ್” ಅಂತಾನೆ. ರಾಯರು ತೀರಿಕೊಂಡದ್ದು 1529ರಲ್ಲಿ. ಹಾಲೆಂಡಿನ ಕನ್ನಡಕದವರು ದುರ್ಬೀನು ಹಿಡಿದು ಬಂದದ್ದು 1608ರಲ್ಲಿ. ಅಷ್ಟು ಹೊತ್ತಿಗೆ ಹಂಪಿಯೇ ಹಾಳಾಗಿ 40 ವರ್ಷ ದಾಟಿತ್ತು. ಹೀಗಂದರೆ, “ಅಷ್ಟು ಮುಂದಾಲೋಚನೆ ಇತ್ತು ಸಾರ್ ರಾಯರಿಗೆ!” ಅನ್ನಬೇಕೇ?

ವಯಸ್ಸು ಕಿಲುಬಿನಲ್ಲಿಲ್ಲ ಮಾರಾಯರೇ. ಹುಳಿ ಸವರಿ ಒಂದು ಮಳೆಗಾಲ ಹಿತ್ತಲಲ್ಲಿಟ್ಟರೆ ಯಾವ ಹಿತ್ತಾಳೆಯೂ ಮುದಿಯಾಗುತ್ತದೆ. ನೋಡಬೇಕಾದ್ದು ಕೆತ್ತಿದ ತಯಾರಕರ ಹೆಸರನ್ನು. ‘ಟ್ರೌಟನ್ ಅಂಡ್ ಸಿಮ್ಸ್, ಲಂಡನ್’ ಎಂದಿದ್ದರೆ 1826ರಿಂದ 1922ರೊಳಗಿನದು. ಹೆಸರಿನ ಮೊದಲಿಗೆ ‘ಕುಕ್’ ಸೇರಿಕೊಂಡಿದ್ದರೆ 1922ರ ಈಚಿನದು. ಲಗ್ನಪತ್ರಿಕೆಯಲ್ಲಿ ಹೊಸ ಬೀಗರ ಹೆಸರು ಕಂಡಂತೆಯೇ ಇದು. ಸಂಬಂಧ ಕೂಡಿದ ವರ್ಷ ಗೊತ್ತಾದರೆ ಅರ್ಧ ಜಾತಕ ಸಿಕ್ಕಿತು. ಎತ್ತರ-ತಗ್ಗು ಅಳೆಯುವ ಡಂಪಿ ಲೆವೆಲನ್ನು ಗ್ರಾವಟ್ ಎಂಬ ಎಂಜಿನಿಯರ್ ರೂಪಿಸಿದ್ದೇ 1832ರಲ್ಲಿ. ಅದಕ್ಕೂ ಹಿಂದಿನ ಇಸವಿ ಹೇಳುವವರಿಗೆ ಚಹಾ ಕುಡಿಸಿ ಕಳಿಸಿ. ಸ್ಟಾರ್ ಸ್ಕ್ರೂ ಕಂಡರೆ 1930ರ ದಶಕದಿಂದ ಹಿಂದಕ್ಕೆ ಹೋಗಬೇಡಿ. ರಿಪೇರಿಯವ ಆಮೇಲೆ ಬಿಗಿದಿದ್ದರೆ ಮಾತು ಬೇರೆ. ಪೆಟ್ಟಿಗೆಯನ್ನಂತೂ ನಂಬಲೇಬೇಡಿ, ಎಷ್ಟೋ ಸಲ ಪೆಟ್ಟಿಗೆ ಒಬ್ಬರದು, ಯಂತ್ರ ಇನ್ನೊಬ್ಬರದು. ಇಸವಿಯನ್ನೇ ದಪ್ಪಕ್ಷರದಲ್ಲಿ ಕೆತ್ತಿದ್ದರೆ ಅನುಮಾನ ಇನ್ನೂ ಹೆಚ್ಚಲಿ. ‘ಸ್ಟ್ಯಾನ್ಲಿ, ಲಂಡನ್, 1885’ ಎಂಬ ಹೊಚ್ಚಹೊಸ ದಿಕ್ಸೂಚಿಗಳು ನಮ್ಮ ದೇಶದಲ್ಲೇ ತಯಾರಾಗಿ ಲೋಕವೆಲ್ಲ ತಿರುಗುತ್ತಿವೆ.

ಹಾಗಂತ ನಮ್ಮ ಸೀಮೆಯ ಅಳತೆ ನಿನ್ನೆ ಮೊನ್ನೆಯದಲ್ಲ. 1799ರಲ್ಲೇ ಸರ್ವೇಯರ್ ಕಾಲಿನ್ ಮೆಕೆಂಜಿ ಹಂಪಿಯ ಹಾಳೂರನ್ನು ಅಳೆದು ನಕ್ಷೆ ಮಾಡಿದ. ಮರುವರ್ಷ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪನಿ ಪಾಲಾಯಿತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹೊಲಹೊಲಕ್ಕೂ 33 ಅಡಿಯ ಸರಪಳಿ ಎಳೆಸಿದ. ರೈತರು ಇವತ್ತಿಗೂ ಹೇಳುವ ಗುಂಟೆ ಆ ಸರಪಳಿಯ ಚೌಕವೇ: 33ಕ್ಕೆ 33, ಅಂದರೆ 1089 ಚದರಡಿ, 40 ಗುಂಟೆಗೆ ಒಂದು ಎಕರೆ. ಸರಪಳಿ ತುಕ್ಕು ಹಿಡಿದು ಹೋಯಿತು, ಗುಂಟೆಯ ದಾಯಾದಿ ಜಗಳ ಮಾತ್ರ ಇನ್ನೂ ಫಳಫಳ.

ಪಕ್ಕದ ಸಂಡೂರಿನದು ಬೇರೆ ಕಥೆ. 1949ರವರೆಗೆ ಅದು ಘೋರ್ಪಡೆಯವರ ಸಂಸ್ಥಾನ, ಆಮೇಲೆ ಗಣಿಗಳ ಕಾರುಬಾರು. ಅಕ್ರಮ ಗಣಿಗಾರಿಕೆಯ ಗದ್ದಲದ ದಿನಗಳಲ್ಲಿ ದುರ್ಬೀನಿನ ವಯಸ್ಸು ಯಾರಿಗೆ ಬೇಕಿತ್ತು? ಗಡಿಕಲ್ಲು ನಿನ್ನೆ ಎಲ್ಲಿತ್ತು ಅನ್ನುವುದೇ ಆಂಧ್ರಕ್ಕೂ ನಮಗೂ ತಕರಾರಾಗಿತ್ತು.

ಈ ಕಡೆಯ ಅಟ್ಟಗಳಿಂದ ಇಳಿಯುವ ಲೆವೆಲ್ಲುಗಳಲ್ಲಿ ಹೆಚ್ಚಿನವು ತುಂಗಭದ್ರಾ ಅಣೆಕಟ್ಟೆ ಕಟ್ಟುವ ಕಾಲದವು, ಅಂದರೆ 1945ರಿಂದ 1953ರ ಆಸುಪಾಸಿನವು ಎಂದು ನನ್ನ ಅಂದಾಜು. ಅದೇನು ಕಡಿಮೆ ಮರ್ಯಾದೆಯೇ? ನಿಮ್ಮಲ್ಲೂ ಒಂದಿದ್ದರೆ ದಯವಿಟ್ಟು ಹಬ್ಬದ ಪಾತ್ರೆಗಳ ಜೊತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಮೆರುಗೆಣ್ಣೆ, ಬೆಳ್ಳಿ ಪಟ್ಟಿಯ ಮೇಲಿನ ಅಂಶಗೆರೆ, ಕೆತ್ತಿದ ಹೆಸರು ಎಲ್ಲವೂ ಬಚ್ಚಲಿಗೆ ಹೋಗುತ್ತವೆ. ಒಣಬಟ್ಟೆಯಲ್ಲಿ ಒರೆಸಿ, ಹೆಸರನ್ನೂ ನಂಬರನ್ನೂ ಬರೆದಿಟ್ಟುಕೊಳ್ಳಿ.