ಪಾರ್ಟಿ ಲೈನು, ತೋಟದ ಲೈನು

ಮೂಡಿಗೆರೆಗೆ ಕಮ್ಯುನಿಸಂ ಬರಲೇ ಇಲ್ಲ ಅನ್ನುವವರಿಗೆ ಇತಿಹಾಸ ಗೊತ್ತಿಲ್ಲ. ಬಂದಿತ್ತು ಮಾರಾಯ್ರೆ, ಅರ್ಧ ಶತಮಾನ ಕಾಲು ಚಾಚಿ ಮಲಗಿತ್ತು. ಆದರೆ ಕೂಲಿ ಲೈನಿನಲ್ಲಲ್ಲ, ಬಂಗಲೆಯ ಜಗಲಿಯಲ್ಲಿ. ಕಾಫಿ ಬೋರ್ಡಿನ ಪೂಲ್ ಇದ್ದ ಕಾಲ ನೆನಪಿಸಿಕೊಳ್ಳಿ. ಬೆಳೆದದ್ದನ್ನೆಲ್ಲ ಬೋರ್ಡಿಗೆ ಒಪ್ಪಿಸಬೇಕು, ಮಾರುವುದು ಬೋರ್ಡು, ದುಡ್ಡು ಬರುವುದು ಕಂತು ಕಂತಾಗಿ. ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಸಾಕ್ಷಾತ್ ಸೋವಿಯತ್ ಒಕ್ಕೂಟ. ಮಾಸ್ಕೋದಲ್ಲಿ ಕಾಫಿ ಕುದಿದರೆ ಇಲ್ಲಿ ಗೌಡರ ಜೀಪು ಓಡುತ್ತಿತ್ತು.

1991ರಲ್ಲಿ ಗಿರಾಕಿ ಮುಳುಗಿತು, 1996ರಲ್ಲಿ ಪೂಲೂ ಮುಗಿಯಿತು. ಸ್ವಾತಂತ್ರ್ಯ ಬಂತೆಂದು ಬೆಳೆಗಾರರು ಹಿಗ್ಗಿದರು. ನಾಲ್ಕೈದು ವರ್ಷದಲ್ಲಿ ಬೆಲೆ ನೆಲ ಕಚ್ಚಿತು, ನಿಯೋಗಗಳು ದೆಹಲಿಗೆ ಹೊರಟವು. ಬಡ್ಡಿ ಮನ್ನಾ, ಸಾಲಕ್ಕೆ ಪ್ಯಾಕೇಜು, ಬೆಂಬಲ ಬೆಲೆ! ಆ ಮನವಿ ಓದಿ ನಮ್ಮೂರ ಹಳೇ ಕಾಮ್ರೇಡೊಬ್ಬರ ಕಣ್ಣು ತುಂಬಿ ಬಂತು. ಮೂವತ್ತು ವರ್ಷ ಬೀದಿಯಲ್ಲಿ ಅವರು ಕೂಗಿದ್ದು ಅದನ್ನೇ. ಸಹಿ ಮಾತ್ರ ಬೇರೆಯವರದು.

ಈ ಕಾಮ್ರೇಡ್ ಸುಂದರೇಶರ ಕಾಲದವರು. ಸಿಪಿಐನ ಬಿ.ಕೆ. ಸುಂದರೇಶ್ ಈ ಬೆಟ್ಟಗಳಲ್ಲಿ ತೋಟದ ಆಳುಗಳನ್ನು ಸಂಘ ಕಟ್ಟಿ ನಿಲ್ಲಿಸಿದಾಗ, ಕೆಂಬಾವುಟ ಕಂಡರೆ ತೋಟದ ರೈಟರು ಸೈಕಲ್ ತಿರುಗಿಸುತ್ತಿದ್ದನಂತೆ. ಬೋನಸ್ಸು ಬಂತು, ಕಂಬಳಿ ಬಂತು, ಲೈನಿಗೆ ಹೆಂಚು ಬಂತು. ವೋಟು ಮಾತ್ರ ಬರಲಿಲ್ಲ. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಪರಿಶಿಷ್ಟ ಜಾತಿಯವರಷ್ಟೇ ನಿಲ್ಲಬಹುದಾದ ಇಂಥ ಕಡೆಯೂ ಗೆದ್ದವರು ಕಾಂಗ್ರೆಸ್, ಜನತಾ ಪರಿವಾರ, ಬಿಜೆಪಿ. ಕೂಲಿಯ ಜಗಳಕ್ಕೆ ಕಾಮ್ರೇಡು, ವೋಟಿಗೆ ಧಣಿ ಬೆರಳು ತೋರಿಸಿದ ಪಕ್ಷ. ಆಳುಗಳು ಲೆಕ್ಕದಲ್ಲಿ ಹಿಂದೆ ಅನ್ನುವವರು ಈ ವಿಂಗಡಣೆಯನ್ನೊಮ್ಮೆ ನೋಡಬೇಕು.

ದೇವರಾಜ ಅರಸು ಕಾಲದ 1974ರ ಭೂಸುಧಾರಣೆ ಘಟ್ಟದ ಕೆಳಗೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಘಟ್ಟ ಹತ್ತಿ ಬಂದಾಗ ಕಾಫಿ ಗಿಡದ ಬುಡದಲ್ಲಿ ನಿಂತುಬಿಟ್ಟಿತು. ಪ್ಲಾಂಟೇಶನ್‌ಗೆ ವಿನಾಯಿತಿ. ಗದ್ದೆ ಉಳುವವನು ರೈತ, ಕಾಫಿ ಕೊಯ್ಯುವವನು ಆಳು. ಕೆಳಗೆ ವಿಟ್ಲದಲ್ಲಿ 1978ರಲ್ಲಿ ಬಿ.ವಿ. ಕಕ್ಕಿಲ್ಲಾಯರು ಸಿಪಿಐನಿಂದ ಗೆದ್ದರು. 1985ರಲ್ಲಿ ವಿಧಾನಸಭೆಯಲ್ಲಿ ಎರಡೂ ಕಮ್ಯುನಿಸ್ಟ್ ಪಕ್ಷದವರು ಸೇರಿ ಐದು ಜನ ಇದ್ದರು. ಭೂಮಿ ಸಿಕ್ಕವನು ಆಮೇಲೆ ಎಡಕ್ಕೆ ತಿರುಗಿ ನೋಡಲಿಲ್ಲ. ಪಹಣಿ ಕೈಗೆ ಬಂದ ಮೇಲೆ ಕ್ರಾಂತಿಯ ಅಗತ್ಯವೇನು? ಕೊಡಿಸಿ ಕೆಟ್ಟವರು ಕಮ್ಯುನಿಸ್ಟರು. 2023ರಲ್ಲಿ ಗೆದ್ದವರು ಸೊನ್ನೆ. ಮತದಾನಕ್ಕೆ ಒಂದು ತಿಂಗಳು ಇರುವಾಗ ಚುನಾವಣಾ ಆಯೋಗ ಸಿಪಿಐನ ರಾಷ್ಟ್ರೀಯ ಪಕ್ಷದ ಪಟ್ಟವನ್ನೂ ಕಿತ್ತುಕೊಂಡಿತು.

ಮೊನ್ನೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಲ್ಲಿ ಕಾಮ್ರೇಡ್ ಸಿಕ್ಕಿದರು. ಕಾಫಿ ನಾಡಲ್ಲಿ ಕುಳಿತು ಟೀ ಕುಡಿಯುತ್ತಿದ್ದರು. ಅದೊಂದೇ ಅವರಲ್ಲಿ ಉಳಿದಿರುವ ಬಂಡಾಯ.

"ಚಿಹ್ನೆ ನೋಡಿ ಗೌಡ್ರೆ, ತೆನೆ-ಕುಡುಗೋಲು. ತೆನೆಯನ್ನು ಜೆಡಿಎಸ್‌ನ ಹೆಂಗಸು ತಲೆ ಮೇಲೆ ಹೊತ್ತುಕೊಂಡು ಹೋದಳು. ಕುಡುಗೋಲು ಇದ್ದಲ್ಲಿ ಈಗ ಕಳೆ ಹೊಡೆಯೋ ಮಷೀನು. ಗದ್ದೆಗೆ ಅಡಿಕೆ ಹಾಕಿದ್ರು. ನಾನು ಏನು ತೋರಿಸಿ ವೋಟು ಕೇಳ್ಲಿ?"

"ಲೈನಲ್ಲಿ ಜನ ಇದ್ದಾರಲ್ಲ?"

"ಇದ್ದಾರೆ. ನಮ್ಮವರ ಮಕ್ಕಳು ಬೆಂಗಳೂರಲ್ಲಿ ಡೆಲಿವರಿ ಬ್ಯಾಗು ಹೊತ್ರು. ಲೈನಿಗೆ ಅಸ್ಸಾಂನವರು ಬಂದ್ರು. ಪಾರ್ಟಿ ಲೈನು ಅವರಿಗೆ ಹಿಂದಿಯಲ್ಲಿ ಹೇಳೋಣ ಅಂದ್ರೆ ನನಗೂ ಬರಲ್ಲ, ಅವರಿಗೂ ಅಷ್ಟಕ್ಕಷ್ಟೆ. ಕಷ್ಟಪಟ್ಟು ಹೇಳಿದ್ರೂ ವೋಟಿರೋದು ಅಲ್ಲಿ."

ನೋಡಿ, ಎಂಥಾ ಏರ್ಪಾಡು! ಹಣ್ಣು ಕೊಯ್ಯುವವನಿಗೆ ಇಲ್ಲಿ ಮತವಿಲ್ಲ, ಮತ ಇರುವವನು ಹಣ್ಣು ಕೊಯ್ಯುವುದಿಲ್ಲ. ತೋಟ ಬಿಟ್ಟರೆ, ಕಳಸದ ಆಚೆ ಕುದುರೆಮುಖದಲ್ಲಿ ಒಂದು ಗಣಿ ಕಾರ್ಮಿಕರ ಪಟ್ಟಣವೇ ಇತ್ತು. 2005ರ ಕೊನೆಯ ದಿನ ಗಣಿ ನಿಂತಿತು, ಕಾರ್ಮಿಕರು ಗಂಟುಮೂಟೆ ಕಟ್ಟಿದರು. ಅದೇ ವರ್ಷ ಫೆಬ್ರವರಿಯಲ್ಲಿ, ಮತಪೆಟ್ಟಿಗೆಯೇ ಬೇಡವೆಂದು ಕಾಡಿಗೆ ಹೋಗಿದ್ದ ನಕ್ಸಲ್ ನಾಯಕ ಸಾಕೇತ್ ರಾಜನ್ ಇದೇ ಬೆಟ್ಟಗಳಲ್ಲಿ ಪೊಲೀಸರ ಗುಂಡಿಗೆ ಬಿದ್ದರು. ಆ ದಾರಿಯಲ್ಲಿ ಉಳಿದಿದ್ದವರಲ್ಲಿ ಆರು ಮಂದಿ 2025ರ ಜನವರಿಯಲ್ಲಿ ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಈ ವಿಷಯದಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ.

2023ರಲ್ಲಿ ಮೂಡಿಗೆರೆಯ ಸೋಲು ಗೆಲುವಿನ ಅಂತರ 722 ಮತ. ಬಿಜೆಪಿ ಟಿಕೆಟ್ ತಪ್ಪಿದ ಆಗಿನ ಶಾಸಕರು ಜೆಡಿಎಸ್‌ನಿಂದ ನಿಂತರು, ಕಾಂಗ್ರೆಸ್ ಗೆದ್ದಿತು. 722 ಅಂದರೆ ನಾಲ್ಕಾರು ದೊಡ್ಡ ಎಸ್ಟೇಟುಗಳ ಲೈನು. "ಹಿಂದಿನ ಕಾಲ ಆಗಿದ್ರೆ ಅಷ್ಟು ಜನ ನನ್ನ ಒಂದು ಮೆರವಣಿಗೆಗೆ ಬರ್ತಿದ್ರು" ಅಂದರು ಕಾಮ್ರೇಡ್.

ಉಳುವವನಿಗೆ ಭೂಮಿ ಎಂಬ ಘೋಷಣೆ ಸತ್ತಿಲ್ಲ, ಸ್ವಲ್ಪ ತಿದ್ದುಪಡಿಯಾಗಿದೆ ಅಷ್ಟೆ. 2022ರ ಕಾಯ್ದೆಯಂತೆ ಸರ್ಕಾರಿ ಜಾಗ ಒತ್ತಿ ಕಾಫಿ ಹಾಕಿದವನಿಗೆ 25 ಎಕರೆವರೆಗೆ, 30 ವರ್ಷಕ್ಕೆ ಗುತ್ತಿಗೆ. ಲೈನಿನಲ್ಲಿ ಹುಟ್ಟಿ ಲೈನಿನಲ್ಲೇ ಮುದುಕನಾದವನು ನಿವೇಶನಕ್ಕೆ ಅರ್ಜಿ ಹಿಡಿದು ಹೋದರೆ ಅದೇ ತಾಲ್ಲೂಕು ಕಚೇರಿಯಲ್ಲಿ ಜಾಗ ಇಲ್ಲ ಅನ್ನುತ್ತಾರೆ.

ಇದನ್ನು ಸ್ವಲ್ಪ ಆವೇಶದಿಂದಲೇ ಹೇಳಿದೆ. ಕಾಮ್ರೇಡ್ ಲೋಟ ಕೆಳಗಿಟ್ಟು ಕೇಳಿದರು:

"ಗುತ್ತಿಗೆಗೆ ನೀವು ಅರ್ಜಿ ಹಾಕಿದ್ರಾ?"

ಎರಡು ಎಕರೆಗೆ ಹಾಕಿದ್ದೇನೆ. ಅವತ್ತಿನ ಟೀ ದುಡ್ಡು ಅವರೇ ಕೊಟ್ಟರು.